ಆಸ್ತಿ ಎಷ್ಟು? ಸಾಲ ಎಷ್ಟು?

ಬೆಂಗಳೂರಿನ ದೊಡ್ಡ ಕಚೇರಿ ಕಟ್ಟಡವನ್ನು ಒಬ್ಬರೇ ಕೊಳ್ಳೋದು ಕಷ್ಟ. ಹಲವರು ಹಣ ಕೂಡಿಸಿದರೆ ಆಗುತ್ತೆ. ಇಂಥ ಏರ್ಪಾಡಿಗೆ 'ರೀಟ್' ಎನ್ನುತ್ತಾರೆ. ಭಾರತದ ಮೊದಲ ರೀಟ್ ಎಂಬೆಸಿ. ಅದು 2019ರಲ್ಲಿ ಶೇರುಪೇಟೆಗೆ ಬಂತು. ಆಗ ಒಂದು ಪಾಲಿನ ಬೆಲೆ 300 ರೂಪಾಯಿ.

ಕಟ್ಟಡದಿಂದ ಬಾಡಿಗೆ ಬರುತ್ತೆ. ಖರ್ಚು, ಬಡ್ಡಿ ಕಳೆದು ಹಂಚಲು ಉಳಿದ ಪ್ರತಿ 100 ರೂಪಾಯಿಯಲ್ಲಿ 90 ರೂಪಾಯಿಯಾದರೂ ಪಾಲುದಾರರಿಗೆ ಕೊಡಬೇಕು. ಇದು ಸೆಬಿ ನಿಯಮ.

ಬನ್ನಿ ಅಕ್ಕ, ಒಂದು ಮಾದರಿ ಲೆಕ್ಕ ಮಾಡೋಣ.

ಕಟ್ಟಡದ ಬೆಲೆ: 10 ಲಕ್ಷ
ಸಾಲ: 3 ಲಕ್ಷ
ನಿವ್ವಳ ಆಸ್ತಿ: 7 ಲಕ್ಷ
ಒಟ್ಟು ಪಾಲು: 1000
ಒಂದು ಪಾಲಿಗೆ: 700 ರೂಪಾಯಿ

ಕಟ್ಟಡ ನೋಡಿ ಮರುಳಾಗಬೇಡಿ. ಸಾಲ ಎಷ್ಟಿದೆ ಕೇಳಿ. ಬಾಡಿಗೆದಾರರು ಬಿಟ್ಟುಹೋದರೆ ಆದಾಯ ಇಳಿಯುತ್ತೆ. ಪಾಲಿನ ಬೆಲೆಯೂ ಇಳಿಯಬಹುದು. ಓದದೆ ಸಹಿ ಹಾಕಬೇಡಿ.

ಲೆಕ್ಕ ಮಾಡಿ: ಸಾಲ 6 ಲಕ್ಷ ಆದರೆ ಒಂದು ಪಾಲಿಗೆ ಎಷ್ಟು?