ಸಭಾಪತಿಯ ಕೆಲಸ

ವಾದವು ಯಾವ ಗಳಿಗೆಯಲ್ಲಿ ಜಗಳವಾಗುತ್ತದೆಂಬುದನ್ನು ತಿಳಿಯಲು ಕಿವಿಯೊಂದಿದ್ದರೆ ಸಾಕು. ‘ನೀವು’ ಎಂಬುದು ‘ನೀನು’ ಆದೊಡನೆ ಸಭಾಪತಿಯು ಎಚ್ಚರಗೊಳ್ಳಬೇಕು. ‘ಏನಲೇ’ ಎಂಬುದು ಕೇಳಿಬಂದ ಮೇಲೆ ಎಚ್ಚರಗೊಂಡು ಪ್ರಯೋಜನವಿಲ್ಲ. ಇದನ್ನು ನಾನು ಕಲಿತದ್ದು ಗ್ರಂಥದಿಂದಲ್ಲ, ನಮ್ಮ ಚರ್ಚಾಕೂಟದಲ್ಲಿ ಆದ ಮುಖಭಂಗದಿಂದ.

2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಎಂಬ ಆರು ತಾಲ್ಲೂಕುಗಳಿವೆ. ಜಿಲ್ಲಾ ಕೇಂದ್ರ ಹೊಸಪೇಟೆ. 1997ರಲ್ಲಿ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, ಈಗ ಇಲ್ಲಿಗೆ ಬಂದಿರುವ ಹರಪನಹಳ್ಳಿಯವರಿಗೆ ಆ ಊರು ದೂರ. ‘ಕೇಂದ್ರವು ಹರಪನಹಳ್ಳಿಯಲ್ಲಿರಬೇಕಿತ್ತು’ ಎಂಬುದೇ ಅಂದಿನ ವಿಷಯ. ನಾನು ತಂಬ್ರಹಳ್ಳಿಯವನು, ನಡುವಿನ ತಾಲ್ಲೂಕಿನವನೆಂದು ನನ್ನನ್ನು ಪೀಠದಲ್ಲಿ ಕೂರಿಸಿದರು.

ಹರಪನಹಳ್ಳಿಯ ಮಿತ್ರನು, ಒಂದು ಕಾಗದಕ್ಕಾಗಿ ಅಷ್ಟು ದೂರ ಹೋಗಿ ತನ್ನ ತಂದೆ ಒಂದು ದಿನದ ಕೂಲಿ ಕಳೆದುಕೊಂಡ ಸಂಗತಿಯನ್ನು ಹೇಳುತ್ತಿದ್ದನು. ನಾನು, “ನಮಗೇನೋ ಹೊಸಪೇಟೆಯೇ ಅನುಕೂಲ” ಎಂದುಬಿಟ್ಟೆ. ನಗೆಗಾಗಿ ಆಡಿದ ಮಾತು! ಅಲ್ಲಿಗೆ ನನ್ನ ಮೇಜಿನ ಗಂಟೆಯ ಬೆಲೆ ಹೋಯಿತು. ಆಮೇಲೆ ಎಷ್ಟು ಬಾರಿಸಿದರೂ ಯಾರೂ ಕೂಡಲಿಲ್ಲ.

ಶಾಸನಸಭೆಯಲ್ಲಿ ಸದಸ್ಯರು ಎದುರಾಳಿಯನ್ನು ಕುರಿತು ಮಾತನಾಡದೆ ಸಭಾಧ್ಯಕ್ಷರನ್ನು ಕುರಿತೇ ಮಾತನಾಡುವುದನ್ನು ನಾನು ಬರಿಯ ಶಿಷ್ಟಾಚಾರವೆಂದು ತಿಳಿದಿದ್ದೆ. ಅದರಲ್ಲಿ ಒಂದು ಯುಕ್ತಿಯಿದೆ. ಅಲ್ಲಿ ‘ನೀನು’ ಬರಲು ಎಡೆಯೇ ಇಲ್ಲ. ‘ಮಾನ್ಯ ಸದಸ್ಯರು ಹೇಳಿದಂತೆ’ ಎಂದೇ ಹೇಳಬೇಕಾಗುತ್ತದೆ. ಮಾತು ಮೂರನೆಯವನನ್ನು ಸುತ್ತಿ ಹೋಗುವಷ್ಟರಲ್ಲಿ ಅದರ ಬಿಸಿ ಆರುತ್ತದೆ. ಆ ಮೂರನೆಯವನಿಗೆ ಮೊದಲಿಗೆ ಮತವೂ ಇಲ್ಲ. ಮತಗಳು ಸಮವಾದಾಗ ಮಾತ್ರ ಉಂಟೆಂದು ಸಂವಿಧಾನದ 189ನೆಯ ವಿಧಿ ಹೇಳುತ್ತದೆ.

ಮರುವಾರ ಅದೇ ವಿಷಯವನ್ನು ಮತ್ತೆ ಇಟ್ಟುಕೊಂಡೆವು. ಮೊದಲು ನಾನು ಕ್ಷಮೆ ಕೇಳಿದೆ. ಪ್ರತಿಯೊಬ್ಬನೂ ಎದುರು ಪಕ್ಷದ ವಾದವನ್ನು ಅವರು ಒಪ್ಪುವಂತೆ ಹೇಳಿ, ಅನಂತರವೇ ತನ್ನದನ್ನು ಆರಂಭಿಸತಕ್ಕದ್ದೆಂದು ಗೊತ್ತುಮಾಡಿದೆವು. ಹೊಸಪೇಟೆಯವನು ಆ ಕೂಲಿಯ ಸಂಗತಿಯನ್ನೇ ಎತ್ತಿ ಹೇಳಬೇಕಾಯಿತು. ಎರಡು ಸಲ ಹೇಳಿದರೂ ಇವನು ಒಪ್ಪಲಿಲ್ಲ; ಮೂರನೆಯ ಸಲ ತಲೆಯಾಡಿಸಿದನು. ಸಭೆ ಅಷ್ಟು ನಿಶ್ಶಬ್ದವಾಗಿದ್ದುದನ್ನು ನಾನು ಕಂಡಿರಲಿಲ್ಲ.

ಕೊನೆಗೆ ಮತಗಳು ಸಮವಾದವು. ಇದ್ದುದನ್ನು ಇದ್ದಂತೆ ಉಳಿಸುವ ಕಡೆಗೆ ಅಧ್ಯಕ್ಷನ ಮತ ಬೀಳುವುದು ಬ್ರಿಟಿಷ್ ಪಾರ್ಲಿಮೆಂಟಿನ ರೂಢಿ. ನಾನೂ ಹಾಗೆಯೇ ಕೊಟ್ಟೆ. ಅದು ನನ್ನ ಹಿಂದಿನ ಹಗುರ ಮಾತಿನ ಕಡೆಗೇ ಬಿದ್ದುದರಿಂದ, ಕಾರಣವನ್ನು ನಡವಳಿ ಪುಸ್ತಕದಲ್ಲಿ ಸವಿಸ್ತಾರವಾಗಿ ಬರೆದೆ. ಹರಪನಹಳ್ಳಿಯ ಮಿತ್ರನು ಅದನ್ನು ಎರಡು ಬಾರಿ ಓದಿ, ಒಂದು ಕಾಗುಣಿತದ ತಪ್ಪನ್ನು ತಿದ್ದಿ, ಕೆಳಗೆ ಸಹಿ ಹಾಕಿದನು.