ಸುರುಳಿಗೆ ಪೊರಕೆ ಸಾಕು, ಹುಡಿಗೆ ಯಂತ್ರ ಬೇಕು
ಮನೆಯಲ್ಲಿ ಮರಗೆಲಸ ಮಾಡುವವರು ದೂಳು ಎಳೆಯುವ ವ್ಯಾಕ್ಯೂಮ್ ಆರಿಸಿಕೊಳ್ಳುವ ಬಗೆ

ಗ್ಯಾರೇಜಿನ ಮೂಲೆಯಲ್ಲೋ ಟೆರೇಸಿನ ಶೀಟಿನ ಕೆಳಗೋ ಮರಗೆಲಸದ ಹವ್ಯಾಸ ಶುರು ಮಾಡಿದವರು ಮೊದಲು ಗರಗಸ ಕೊಳ್ಳುತ್ತಾರೆ, ಆಮೇಲೆ ರೌಟರ್, ಸ್ಯಾಂಡರ್. ದೂಳಿನ ಯಂತ್ರದ ನೆನಪಾಗುವುದು ಒಣಹಾಕಿದ ಬಟ್ಟೆಯ ಮೇಲೆ ಕಂದು ಹುಡಿ ಕೂತು, ಮನೆಯೊಳಗಿಂದ ದೂರು ಬಂದ ಮೇಲೆ. ಅಂಗಡಿಗೆ ಹೋದರೆ ಎದುರಾಗುವ ಮೊದಲ ಪ್ರಶ್ನೆ, ‘ಎಷ್ಟು ವಾಟಿಂದು ಬೇಕು ಸಾರ್?’ ಆ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೋಟಾರು ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬುದನ್ನಷ್ಟೇ ವಾಟ್ ಹೇಳುತ್ತದೆ. ಎಷ್ಟು ದೂಳು ಎಳೆಯುತ್ತದೆ, ಎಳೆದದ್ದರಲ್ಲಿ ಎಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಹಿಡಿದಿಟ್ಟುಕೊಳ್ಳುವುದೇ ಇಲ್ಲಿ ಮುಖ್ಯ. ಹತ್ತರಿ ಹೊಡೆದಾಗ ಬೀಳುವ ಸುರುಳಿಯಿಂದ ಯಾರ ಶ್ವಾಸಕೋಶಕ್ಕೂ ಅಪಾಯವಿಲ್ಲ. ಅದನ್ನು ಗುಡಿಸಿದರಾಯಿತು. ತೊಂದರೆ ಇರುವುದು ಸ್ಯಾಂಡರ್ ಎಬ್ಬಿಸುವ ಹಿಟ್ಟಿನಂಥ ಹುಡಿಯಲ್ಲಿ. 10 ಮೈಕ್ರಾನ್‌ಗಿಂತ ಸಣ್ಣ ಕಣಗಳು ಮೂಗಿನಲ್ಲಿ ತಡೆಯದೆ ಕೆಳಗಿಳಿಯುತ್ತವೆ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್, ಹಾಗಾಗಿ ಇವು ಕಣ್ಣಿಗೂ ಬೀಳವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ದೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನ ಒಳಭಾಗ ಮತ್ತು ಸೈನಸ್‌ಗಳ ಕ್ಯಾನ್ಸರ್‌ಗೆ ಅದರ ನಂಟು ಖಚಿತವಾಗಿದೆ. ವರ್ಷಗಟ್ಟಲೆ ದಿನವಿಡೀ ದೂಳಿನಲ್ಲೇ ದುಡಿದವರಲ್ಲಿ ಕಂಡದ್ದು ಅದು. ಭಾನುವಾರದ ಬಡಗಿ ಅದಕ್ಕೆ ಬೆದರಿ ಉಳಿ ಕೆಳಗಿಡಬೇಕಾಗಿಲ್ಲ. ಆದರೆ ಸೀನು, ಉಬ್ಬಸ, ಚರ್ಮದ ತುರಿಕೆ ಬರಲು ವರ್ಷಗಳು ಬೇಕಿಲ್ಲ. ಬೀಟೆ, ತೇಗ, ಕಾಫಿ ತೋಟದ ಸಿಲ್ವರ್ ಓಕ್, ಈ ಮೂರಕ್ಕೂ ಕೆಲವರ ಚರ್ಮ ಕೆರಳುತ್ತದೆ.

ಮೊದಲು ನಿಮ್ಮಲ್ಲಿರುವ ಉಪಕರಣ ನೋಡಿ

ಸ್ಯಾಂಡರ್, ಜಿಗ್‌ಸಾ, ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ, ರೌಟರ್ ಇಷ್ಟೇ ಇದ್ದರೆ ನಿಮಗೆ ಬೇಕಿರುವುದು ವ್ಯಾಕ್ಯೂಮ್. ಹಲಗೆಯ ದಪ್ಪ ಇಳಿಸುವ ಥಿಕ್‌ನೆಸ್ ಪ್ಲೇನರ್ ಅಥವಾ ದೊಡ್ಡ ಟೇಬಲ್ ಸಾ ಇದ್ದರೆ ಬೇಕಿರುವುದು ಡಸ್ಟ್ ಕಲೆಕ್ಟರ್. ಎರಡೂ ದೂಳು ಎಳೆಯುತ್ತವಾದರೂ ಒಂದರ ಕೆಲಸ ಇನ್ನೊಂದರಿಂದ ಆಗದು.

ಯಾಕೆ ಆಗದು ಎನ್ನುವುದಕ್ಕೆ ಸಣ್ಣ ಲೆಕ್ಕವಿದೆ. ಚಕ್ಕೆ, ಹುಡಿ ಪೈಪಿನ ತಳದಲ್ಲಿ ಕೂರದೆ ಸಾಗಬೇಕಾದರೆ ಒಳಗಿನ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. 27 ಮಿ.ಮೀ. ಪೈಪಿನಲ್ಲಿ ಆ ವೇಗ ಬರಲು ನಿಮಿಷಕ್ಕೆ 690 ಲೀಟರ್ ಗಾಳಿ ಸಾಕು. 35 ಮಿ.ಮೀ. ಪೈಪಿಗೆ 1,150 ಲೀಟರ್. ಪ್ಲೇನರಿನ 100 ಮಿ.ಮೀ. ಬಾಯಿಗೆ 9,400 ಲೀಟರ್! ಒಳ್ಳೆಯ ವ್ಯಾಕ್ಯೂಮಿನ ಡಬ್ಬದ ಮೇಲೆ 3,000ದಿಂದ 4,000 ಲೀಟರ್ ಎಂದಿರುತ್ತದೆ. ಅದೂ ಪೈಪು ತೆಗೆದಿಟ್ಟು, ಹೊಸ ಫಿಲ್ಟರ್ ಹಾಕಿ ಅಳೆದದ್ದು. ಡಸ್ಟ್ ಕಲೆಕ್ಟರ್ ಅಷ್ಟು ಗಾಳಿ ಎಳೆಯಬಲ್ಲುದು, ಆದರೆ ಅದರ ಎಳೆತದ ಬಿಗಿ ಕಡಿಮೆ. ಸ್ಯಾಂಡರಿನ ಸಣ್ಣ ಪೈಪು ಸಿಕ್ಕಿಸಿದರೆ ಅದಕ್ಕೆ ಉಸಿರೇ ಬರುವುದಿಲ್ಲ.

ಮನೆಯ ಹವ್ಯಾಸಿಗೆ ನನ್ನ ಸಲಹೆ ನೇರವಾಗಿದೆ: ಸ್ಯಾಂಡರನ್ನು ಮನಸ್ಸಿನಲ್ಲಿಟ್ಟುಕೊಂಡು ವ್ಯಾಕ್ಯೂಮ್ ಕೊಳ್ಳಿ. ಪ್ಲೇನರ್ ಇದ್ದರೆ ಅದನ್ನು ಅಂಗಳಕ್ಕೆ ತಂದು ಓಡಿಸಿ, ಚಕ್ಕೆಯನ್ನು ಗೋಣಿಗೆ ತುಂಬಿ.

ಮನೆ ಗುಡಿಸುವ ವ್ಯಾಕ್ಯೂಮ್ ಯಾಕಾಗದು?

ಈಗಾಗಲೇ ಮನೆಯಲ್ಲಿ ಒಂದಿದೆಯಲ್ಲ ಎಂದು ಬಹಳ ಜನ ಕೇಳುತ್ತಾರೆ. ಸೋಫಾ, ಕಾರ್ಪೆಟ್ ಸ್ವಚ್ಛ ಮಾಡುವ ಸಾಮಾನ್ಯ ಯಂತ್ರಗಳಲ್ಲಿ ಎಳೆದುಕೊಂಡ ಗಾಳಿಯೇ ಮೋಟಾರನ್ನು ತಂಪು ಮಾಡುತ್ತದೆ. ಮರದ ಹುಡಿ ಫಿಲ್ಟರನ್ನು ಮುಚ್ಚಿದರೆ ಗಾಳಿ ನಿಲ್ಲುತ್ತದೆ, ಮೋಟಾರು ಬಿಸಿಯೇರಿ ಸುಟ್ಟುಹೋಗುತ್ತದೆ. ‘ವೆಟ್ ಅಂಡ್ ಡ್ರೈ’ ಎಂದು ಮಾರುವ ಡ್ರಮ್ಮಿನ ಯಂತ್ರಗಳಲ್ಲಿ ಮೋಟಾರಿಗೆ ಬೇರೆ ತಂಪುಗಾಳಿಯ ದಾರಿ ಇರುತ್ತದೆ. ಮರಗೆಲಸಕ್ಕೆ ಕನಿಷ್ಠ ಅದು. ಡ್ರಮ್ 15ರಿಂದ 25 ಲೀಟರ್ ಇದ್ದರೆ ಮನೆಗೆ ಸಾಕು. ಅದಕ್ಕಿಂತ ದೊಡ್ಡದಾದರೆ ಮೆಟ್ಟಿಲು ಹತ್ತಿಸುವುದು ಕಷ್ಟ.

ಎರಡು ಅಂಕಿ ಓದಿಕೊಳ್ಳಿ: ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ, ಎಳೆತದ ಒತ್ತಡ ಎಷ್ಟು. ಒತ್ತಡ 20 ಕಿಲೊಪ್ಯಾಸ್ಕಲ್, ಅಂದರೆ 200 ಮಿಲಿಬಾರ್ ಆಸುಪಾಸಿನಲ್ಲಿದ್ದರೆ ಸರಿ. ಎರಡನ್ನೂ ಮುಚ್ಚಿಟ್ಟು ವಾಟನ್ನು ಮಾತ್ರ ದಪ್ಪಕ್ಷರದಲ್ಲಿ ಅಚ್ಚು ಹಾಕಿದ ಡಬ್ಬವನ್ನು ನಾನಾದರೆ ಅಲ್ಲೇ ಬಿಟ್ಟುಬರುತ್ತೇನೆ.

ಫಿಲ್ಟರ್: ದುಡ್ಡು ಹಾಕಬೇಕಾದ ಜಾಗ

ಕಳಪೆ ಫಿಲ್ಟರಿನ ವ್ಯಾಕ್ಯೂಮ್ ಒಂದು ಬಗೆಯ ಮೋಸ. ನೆಲದ ಮೇಲೆ ಸುಮ್ಮನೆ ಬಿದ್ದಿದ್ದ ಹುಡಿಯನ್ನು ಎತ್ತಿ, ದಪ್ಪ ಕಣ ಇಟ್ಟುಕೊಂಡು, ಅತಿ ಸಣ್ಣದನ್ನು ಹಿಂಬದಿಯಿಂದ ನಿಮ್ಮ ಮುಖದ ಎತ್ತರಕ್ಕೆ ಊದುತ್ತದೆ. ನೆಲ ಹೊಳೆಯುತ್ತದೆ, ಗಾಳಿ ಕೆಡುತ್ತದೆ.

ಯುರೋಪಿನ ಮಾನದಂಡದಲ್ಲಿ ಇದಕ್ಕೆ ಮೂರು ವರ್ಗಗಳಿವೆ. ಎಲ್ ವರ್ಗದ ಯಂತ್ರದಿಂದ ಶೇ 1ರಷ್ಟು ದೂಳು ತಪ್ಪಿಸಿಕೊಳ್ಳಬಹುದು, ಎಂ ವರ್ಗದ್ದರಿಂದ ಶೇ 0.1, ಎಚ್ ವರ್ಗದ್ದರಿಂದ ಶೇ 0.005. ಎಚ್ ಇರುವುದು ಆಸ್ಬೆಸ್ಟಾಸ್‌ನಂಥ ವಸ್ತುಗಳಿಗೆ. ಬ್ರಿಟನ್ನಿನ ಕಾರ್ಮಿಕ ಸುರಕ್ಷತಾ ಇಲಾಖೆ ಮರದ ದೂಳಿಗೆ ಎಂ ವರ್ಗ ಬಳಸಿ ಎನ್ನುತ್ತದೆ. ಎಂ ವರ್ಗದಲ್ಲಿ ಇನ್ನೊಂದು ಅನುಕೂಲ: ಪೈಪಿನೊಳಗಿನ ಗಾಳಿ 20 ಮೀಟರ್ ವೇಗಕ್ಕಿಂತ ಕೆಳಗಿಳಿದರೆ ಅದು ಕೂಗಿ ಎಚ್ಚರಿಸುತ್ತದೆ. ಬಾಶ್ ಕಂಪನಿಯ ಗ್ಯಾಸ್ 35 ಎಂ ಎಎಫ್‌ಸಿ ಈ ಬಗೆಯದು. ಅದು ಓಡುತ್ತಲೇ ತನ್ನ ಫಿಲ್ಟರನ್ನು ಕೊಡವಿಕೊಳ್ಳುತ್ತದೆ.

ಬೆಲೆ? ಸಾದಾ ಡ್ರಮ್ ಯಂತ್ರ ಹತ್ತು ಸಾವಿರ ರೂಪಾಯಿಯ ಆಚೀಚೆ ಸಿಕ್ಕರೆ, ಎಂ ವರ್ಗಕ್ಕೆ ಅದರ ಹಲವು ಪಟ್ಟು ತೆರಬೇಕು. ವಾರವಿಡೀ ಎಂಡಿಎಫ್ ಕೊಯ್ದು ಪೀಠೋಪಕರಣ ಮಾರುವವರಿಗೆ ಆ ಖರ್ಚು ನ್ಯಾಯ. ತಿಂಗಳಿಗೊಂದು ಸ್ಟೂಲ್ ಮಾಡುವವರು ನಡುದಾರಿ ಹಿಡಿಯಬಹುದು. ಸಾದಾ ಯಂತ್ರ ತೆಗೆದುಕೊಂಡು, ಅದಕ್ಕೆ ಹೊಂದುವ ಹೆಪಾ ಫಿಲ್ಟರ್ ಮತ್ತು ಬಟ್ಟೆಯಂತಿರುವ ಫ್ಲೀಸ್ ಚೀಲ ಎರಡನ್ನೂ ಹಾಕಿ. ಎಚ್13 ಎಂಬ ಗುರುತಿನ ಫಿಲ್ಟರ್, ಹಿಡಿಯಲು ಅತಿ ಕಷ್ಟದ ಗಾತ್ರದ ಕಣಗಳಲ್ಲೂ ಶೇ 99.95ರಷ್ಟನ್ನು ತಡೆಯುತ್ತದೆ. ಆದರೆ ಫಿಲ್ಟರಿನ ಅಂಚು ಸರಿಯಾಗಿ ಕೂರದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ದೂಳು ಬಿರುಕಿನಿಂದ ಹೊರಡುತ್ತದೆ.

ಚೀಲ ದುಬಾರಿ ಎಂದು ಅದನ್ನು ಬಿಡುವವರಿದ್ದಾರೆ. ಚೀಲವಿಲ್ಲದೆ ಸ್ಯಾಂಡರ್ ಓಡಿಸಿದರೆ ಹಿಟ್ಟು ನೇರ ಫಿಲ್ಟರಿನ ಮಡಿಕೆಗಳಿಗೆ ಮೆತ್ತಿಕೊಂಡು ಸ್ವಲ್ಪ ಹೊತ್ತಿನಲ್ಲೇ ಎಳೆತ ಕುಸಿಯುತ್ತದೆ. ಜೊತೆಗೆ ಡ್ರಮ್ ಖಾಲಿ ಮಾಡುವಾಗ ಹಿಡಿದ ಹುಡಿಯಷ್ಟನ್ನೂ ಮತ್ತೆ ಕುಡಿಯುತ್ತೀರಿ. ಯಂತ್ರಕ್ಕೆ ದುಡ್ಡು ಕೊಡುವ ಮೊದಲು ಅದರ ಚೀಲ ಅದೇ ಅಂಗಡಿಯಲ್ಲಿ ಸಿಗುತ್ತದೆಯೇ, ಒಂದಕ್ಕೆ ಎಷ್ಟು ಎಂದು ಕೇಳಿ. ಚೀಲವೇ ಸಿಗದ ಯಂತ್ರ ಎಷ್ಟು ಅಗ್ಗವಾದರೂ ಬೇಡ.

ಪೈಪು ಮತ್ತು ಬಾಯಿ

ಅಂಗಡಿಗೆ ಹೋಗುವಾಗ ನಿಮ್ಮ ಸ್ಯಾಂಡರನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ನಾಚಿಕೊಳ್ಳಬೇಡಿ, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಇದಕ್ಕಿಂತ ವಿಚಿತ್ರವಾದದ್ದನ್ನು ಹೊತ್ತು ತರುವವರಿದ್ದಾರೆ. ಒಂದೊಂದು ಕಂಪನಿಯ ದೂಳಿನ ಬಾಯಿಗೆ ಒಂದೊಂದು ಅಳತೆ. ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ರಬ್ಬರ್ ಅಡಾಪ್ಟರ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬಿನ ತುಂಡು, ಎರಡು ಕ್ಲಿಪ್ ಸಾಕು. ಸ್ಯಾಂಡರಿಗೆ ತೆಳುವಾದ, ಬಳುಕುವ 27 ಮಿ.ಮೀ. ಪೈಪು ಕೈಗೆ ಹಗುರ. ಗರಗಸ, ರೌಟರಿಗೆ 35ರ ಸುತ್ತಿನದು ಬೇಕು, ಇಲ್ಲವಾದರೆ ಚಕ್ಕೆ ಸಿಕ್ಕಿಕೊಳ್ಳುತ್ತದೆ. ಉಪ್ಪುಕಾಗದದ ತೂತುಗಳು ಸ್ಯಾಂಡರಿನ ಅಡಿಯ ತೂತುಗಳಿಗೆ ಹೊಂದಿಕೊಂಡಿರಲಿ. ಅವು ಮುಚ್ಚಿಹೋದರೆ ಯಾವ ವ್ಯಾಕ್ಯೂಮ್ ಇದ್ದರೂ ಹುಡಿ ಹೊರಗೇ.

ಬೇಸಿಗೆಯ ಒಣಹವೆಯಲ್ಲಿ, ಅದರಲ್ಲೂ ಬಯಲುಸೀಮೆಯಲ್ಲಿ, ಪ್ಲಾಸ್ಟಿಕ್ ಪೈಪಿನಿಂದ ಚಿಟಿಚಿಟಿ ಶಾಕ್ ಹೊಡೆಯುತ್ತದೆ. ಆಂಟಿಸ್ಟ್ಯಾಟಿಕ್ ಪೈಪು ಅದಕ್ಕೆ ಮದ್ದು. ಆದರೆ ಯಂತ್ರಕ್ಕೂ ಗೋಡೆಗೂ ಅರ್ತಿಂಗ್ ಇರಬೇಕು.

ವಿದ್ಯುತ್ ಲೆಕ್ಕ

ಕೆಲವು ವ್ಯಾಕ್ಯೂಮ್‌ಗಳ ಮೈಮೇಲೆಯೇ ಒಂದು ಸಾಕೆಟ್ ಇರುತ್ತದೆ. ಗರಗಸವನ್ನು ಅದಕ್ಕೆ ಚುಚ್ಚಿದರೆ ಗರಗಸದ ಗುಂಡಿ ಒತ್ತಿದಾಗ ವ್ಯಾಕ್ಯೂಮ್ ತಾನಾಗಿ ಶುರುವಾಗುತ್ತದೆ, ಗರಗಸ ನಿಂತ ಮೇಲೂ ಕೆಲವು ಸೆಕೆಂಡು ಓಡಿ ಪೈಪಿನಲ್ಲಿ ಉಳಿದದ್ದನ್ನು ಎಳೆದುಕೊಳ್ಳುತ್ತದೆ. ಬಹಳ ಒಳ್ಳೆಯ ಸೌಕರ್ಯ, ಏಕೆಂದರೆ ಇನ್ನೊಂದು ಸ್ವಿಚ್ ಹಾಕಬೇಕೆಂಬ ಸೋಮಾರಿತನದಲ್ಲೇ ಅರ್ಧ ದೂಳು ತಪ್ಪಿಸಿಕೊಳ್ಳುತ್ತದೆ. ಬ್ಯಾಟರಿ ಉಪಕರಣ ಬಳಸುವವರಿಗೆ ಮಾತ್ರ ಇದರಿಂದ ಪ್ರಯೋಜನವಿಲ್ಲ.

1,200 ವಾಟಿನ ವ್ಯಾಕ್ಯೂಮ್ 230 ವೋಲ್ಟಿನಲ್ಲಿ ಸುಮಾರು 5 ಆಂಪಿಯರ್ ಎಳೆಯುತ್ತದೆ, 1,400 ವಾಟಿನ ಗರಗಸ 6. ಎರಡೂ ಒಂದೇ ಸಾಕೆಟ್ಟಿನಿಂದ ಹೋದರೆ 11 ದಾಟುತ್ತದೆ. ಫ್ಯಾನು, ಟೀವಿಯ 6 ಆಂಪಿಯರ್ ಪಾಯಿಂಟಿಗೆ ಇದನ್ನು ಹೊರಿಸಬೇಡಿ. ಗೀಸರಿಗೆ ಕೊಡುವಂಥ 16 ಆಂಪಿಯರ್ ಪಾಯಿಂಟೇ ಬೇಕು. ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ವ್ಯಾಕ್ಯೂಮಿನ ಸಾಕೆಟ್ ಎಷ್ಟು ವಾಟಿನ ಉಪಕರಣ ತಡೆಯುತ್ತದೆ ಎಂಬುದು ಪಕ್ಕದಲ್ಲೇ ಬರೆದಿರುತ್ತದೆ, ಓದಿ.

ಬಕೆಟ್ಟಿನ ಸೈಕ್ಲೋನ್

ರೌಟರ್ ಹೆಚ್ಚು ಓಡಿಸುವವರು ಸೈಕ್ಲೋನ್ ಕೊಳವೆಯೊಂದನ್ನು ಕೊಂಡು, 20 ಲೀಟರಿನ ಪೇಂಟ್ ಬಕೆಟ್ಟಿನ ಮುಚ್ಚಳಕ್ಕೆ ಕೂರಿಸಿ, ಉಪಕರಣಕ್ಕೂ ವ್ಯಾಕ್ಯೂಮಿಗೂ ನಡುವೆ ಇಡಬಹುದು. ಗಾಳಿ ಒಳಗೆ ಸುತ್ತುವಾಗ ಭಾರದ ಚಕ್ಕೆ ಬಕೆಟ್ಟಿಗೆ ಬೀಳುತ್ತದೆ, ಚೀಲ ಬೇಗ ತುಂಬುವುದಿಲ್ಲ. ಮುಚ್ಚಳದಲ್ಲಿ ಚೂರು ಸೋರಿಕೆ ಇದ್ದರೂ ಕೆಲಸ ಕೆಡುತ್ತದೆ. ಪೈಪು ಕಟ್ಟಿಕೊಂಡಾಗ ಬಕೆಟ್ ಒಳಕ್ಕೆ ನಜ್ಜುಗುಜ್ಜಾಗುವುದೂ ಉಂಟು. ಒಂದರೊಳಗೊಂದು ಎರಡು ಬಕೆಟ್ ಇಟ್ಟರೆ ತಡೆಯುತ್ತದೆ. ಬರೀ ಸ್ಯಾಂಡಿಂಗ್ ಮಾಡುವವರಿಗೆ ಇದರ ಅಗತ್ಯ ನನಗೆ ಕಾಣುವುದಿಲ್ಲ.

ತಂದ ಮೇಲೆ

ರಾತ್ರಿ ದೀಪ ಆರಿಸಿ, ಸ್ಯಾಂಡರ್ ಓಡಿಸುತ್ತಾ, ಯಂತ್ರದ ಹೊರಗಾಳಿಗೆ ಅಡ್ಡಲಾಗಿ ಟಾರ್ಚ್ ಬಿಡಿ. ಬೆಳಕಿನಲ್ಲಿ ಹೊಗೆಯಂತೆ ಹುಡಿ ಕಂಡರೆ ಫಿಲ್ಟರ್ ಸರಿಯಾಗಿ ಕೂತಿಲ್ಲ. ಎಷ್ಟೇ ಒಳ್ಳೆಯ ಯಂತ್ರವಿದ್ದರೂ ಸ್ಯಾಂಡಿಂಗ್ ಹೊತ್ತಿಗೆ ಎನ್95 ಮಾಸ್ಕ್ ಇರಲಿ. ಕೆಲಸ ನಿಂತ ಕೂಡಲೇ ತೆಗೆಯಬೇಡಿ, ಸಣ್ಣ ಹುಡಿ ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತದೆ. ಪ್ಲೈವುಡ್, ಎಂಡಿಎಫ್ ಕೊಯ್ಯುವಾಗ ಅಂಟಿನ ಫಾರ್ಮಾಲ್ಡಿಹೈಡ್ ಅನಿಲವೂ ಬರುತ್ತದೆ. ಅದನ್ನು ಯಾವ ದೂಳಿನ ಫಿಲ್ಟರೂ ಹಿಡಿಯದು, ಕಿಟಕಿ ತೆರೆಯಲೇಬೇಕು.

ಮಳೆಗಾಲದಲ್ಲಿ ಅದೇ ಯಂತ್ರದಿಂದ ನೀರು ಎಳೆದರೆ, ಒಣಗುವ ಮುನ್ನ ಹುಡಿ ಎಳೆಯಬೇಡಿ, ಫಿಲ್ಟರ್ ಮೇಲೆ ಗಾರೆಯಂತೆ ಗಟ್ಟಿಯಾಗುತ್ತದೆ. ಕಬ್ಬಿಣ ಉಜ್ಜುವ ಗ್ರೈಂಡರಿನ ಕಿಡಿ ಮರದ ಹುಡಿ ತುಂಬಿದ ಚೀಲಕ್ಕೆ ಯಾವತ್ತೂ ಹೋಗಬಾರದು. ತುಂಬಿದ ಚೀಲವನ್ನು ಕೆಲಸದ ಕೋಣೆಯಲ್ಲೇ ಬಿಡದೆ ಬಾಯಿ ಕಟ್ಟಿ ಹೊರಗಿಡಿ. ಹಲಸು, ಸಿಲ್ವರ್ ಓಕ್‌ನಂಥ ಬಣ್ಣ ಹಚ್ಚದ ಮರದ ಚಕ್ಕೆ ಗೊಬ್ಬರದ ಗುಂಡಿಗೆ ಹೋಗಬಹುದು. ಪ್ಲೈವುಡ್, ಎಂಡಿಎಫ್, ಹಳೆಯ ಪಾಲಿಶ್ ಉಜ್ಜಿದ ಹುಡಿ ಗಿಡದ ಬುಡಕ್ಕೂ ಬೇಡ, ಬಚ್ಚಲ ಒಲೆಗೂ ಬೇಡ: ಅಂಟಿನ ಹೊಗೆ ಒಂದು ತೊಂದರೆಯಾದರೆ, ನುಣುಪು ಹುಡಿ ಬೆಂಕಿಗೆ ಬಿದ್ದರೆ ಭಗ್ಗನೆ ಮುಖಕ್ಕೆ ಹತ್ತುವುದು ಇನ್ನೊಂದು. ಚೀಲಸಮೇತ ಒಣಕಸದ ಗಾಡಿಗೆ ಕೊಡಿ, ಒಳಗೇನಿದೆ ಎಂದು ಅವರಿಗೆ ಹೇಳಿ.