ಕರಣಿಗಳ ಭಾಗಾಕಾರ: ಛೇದಶುದ್ಧಿಯ ಕ್ರಮ

ಲೆಕ್ಕವನ್ನು ಸರಿಯಾಗಿಯೇ ಮಾಡಿದ ವಿದ್ಯಾರ್ಥಿಯು, ತನ್ನ ಉತ್ತರವು ಪುಸ್ತಕದ ಉತ್ತರಕ್ಕೆ ಹೊಂದಲಿಲ್ಲವೆಂದು ಅದನ್ನು ಹೊಡೆದುಹಾಕುವುದುಂಟು. ಅವನು ಬರೆದದ್ದು 1/√2, ಪುಸ್ತಕದಲ್ಲಿರುವುದು √2/2. ಇವೆರಡೂ ಒಂದೇ ಎಂಬುದನ್ನು ಅರಿತರೆ ಆ ಸಂಶಯವು ನಿವಾರಣೆಯಾಗುತ್ತದೆ.

ಬೌಧಾಯನರ ಶುಲ್ಬಸೂತ್ರದಲ್ಲಿ ‘ದ್ವಿಕರಣಿ’ ಎಂಬ ಶಬ್ದವಿದೆ. ಇಮ್ಮಡಿ ಕ್ಷೇತ್ರಫಲವನ್ನು ಉಂಟುಮಾಡುವ ಭುಜವೆಂದು ಅದರ ಅರ್ಥ. ಒಂದು ಗಜ ಭುಜದ ಚೌಕದ ಕರ್ಣವಾದ √2 ಗಜವೇ ಅದು. ಮೂಲವು ಪೂರ್ಣವಾಗಿ ದೊರೆಯದ ಇಂತಹ ಸಂಖ್ಯೆಗಳನ್ನು ಇಂದಿಗೂ ಕರಣಿಗಳೆಂದೇ ಕರೆಯುತ್ತೇವೆ. ಕರಣಿಯನ್ನು ಸರಳಗೊಳಿಸಲು ಅದರೊಳಗಿನ ವರ್ಗಸಂಖ್ಯೆಯನ್ನು ಹೊರತೆಗೆಯಬೇಕು. 27 = 9 × 3; ಆದುದರಿಂದ √27 = 3√3.

ಛೇದವನ್ನು ಕರಣಿರಹಿತವಾಗಿ ಮಾಡುವುದೇ ಅಕರಣೀಕರಣ. 1/√2 ಎಂಬುದರ ಅಂಶ, ಛೇದಗಳೆರಡನ್ನೂ √2ರಿಂದ ಗುಣಿಸಿದರೆ √2/2 ಬರುತ್ತದೆ. ಗುಣಿಸಿದ್ದು √2/√2, ಅರ್ಥಾತ್ 1. ರೂಪವು ಬದಲಾಯಿತೇ ಹೊರತು ಬೆಲೆ ಬದಲಾಗಲಿಲ್ಲ.

ಛೇದದಲ್ಲಿ ಎರಡು ಪದಗಳಿದ್ದರೆ ಏನು ಮಾಡಬೇಕು? 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ದಲ್ಲಿ ಇದರ ವಿಧಿಯನ್ನು ಹೇಳಿದ್ದಾರೆ. ಛೇದದ ಒಂದು ಕರಣಿಯ ಧನ-ಋಣ ಚಿಹ್ನೆಯನ್ನು ಬದಲಿಸಿ, ಹಾಗೆ ದೊರೆತುದರಿಂದ ಭಾಜ್ಯ, ಭಾಜಕಗಳೆರಡನ್ನೂ ಗುಣಿಸಬೇಕು. ಅವರು ಕೊಟ್ಟ ಉದಾಹರಣೆಯೊಂದರಲ್ಲಿ √300 − √256 ಭಾಜ್ಯ, √27 − √25 ಭಾಜಕ. ಇಂದಿನ ಬರವಣಿಗೆಯಲ್ಲಿ ಇದು

(10√3 − 16) ÷ (3√3 − 5).

ಎರಡನ್ನೂ 3√3 + 5ರಿಂದ ಗುಣಿಸೋಣ.
ಛೇದ: 27 − 25 = 2.
ಅಂಶ: 90 + 50√3 − 48√3 − 80 = 10 + 2√3.
ಉತ್ತರ: 5 + √3.

ಇಲ್ಲಿ ಚಿಹ್ನೆಯನ್ನು ಬದಲಿಸದೆ 3√3 − 5ರಿಂದಲೇ ಗುಣಿಸಿದರೆ ಛೇದವು 52 − 30√3 ಆಗುತ್ತದೆ. ಕರಣಿಯು ಹಾಗೆಯೇ ಉಳಿಯುತ್ತದೆ. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಕ್ಯಾಲ್ಕುಲೇಟರ್ ಇರುವಾಗ ಈ ಶ್ರಮವೇಕೆಂದು ಕೇಳಬಹುದು. 1/(√3 − √2) ಎಂಬುದನ್ನು ನೋಡಿರಿ. √3ಕ್ಕೆ 1.73, √2ಕ್ಕೆ 1.41 ಎಂದು ಹಿಡಿದರೆ ಛೇದ 0.32, ಉತ್ತರ 3.125. ಅಕರಣೀಕರಿಸಿದರೆ ಅದೇ √3 + √2 ಆಗಿ, ಅವೇ ಬೆಲೆಗಳಿಂದ 3.14 ದೊರೆಯುತ್ತದೆ. ನಿಜವಾದ ಬೆಲೆ ಸುಮಾರು 3.146. ಸಮೀಪದ ಎರಡು ಸಂಖ್ಯೆಗಳನ್ನು ಕಳೆದಾಗ ಉಳಿಯುವ ಅಲ್ಪವಾದ ಛೇದದಲ್ಲಿ ಕಿರಿದಾದ ದೋಷವೂ ಹಿರಿದಾಗುತ್ತದೆ. ರೂಪಶುದ್ಧಿಯು ಬರಿಯ ಅಲಂಕಾರವಲ್ಲ. ಸತ್ಯಕ್ಕೆ ಸಮೀಪಿಸುವ ದಾರಿ.

ಅಭ್ಯಾಸಕ್ಕಾಗಿ: 4/(√7 + √3) ಎಂಬುದನ್ನು ಅಕರಣೀಕರಿಸಿರಿ. √7 − √3 ಬಂದರೆ ಪಾಠವು ಮನನವಾಯಿತೆಂದು ತಿಳಿಯಬಹುದು.